ಡಾಕ್ಟರ್ ಹಾಕು

ನಮ್ಮ ಸ್ಟುಡಿಯೋದ ಒಳಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಸೀಟಿನ ಕೆಳಗೆ ಬಲಗಡೆ ಒಂದು ಹಿಡಿ ಇದೆ. ಅದನ್ನು ಎತ್ತಿದರೆ ಕುರ್ಚಿ ಉಸ್ಸೆಂದು ಏರುತ್ತದೆ, ಇಲ್ಲವೇ ಇಳಿಯುತ್ತದೆ. ನಾನು ಕುಳ್ಳಿ. ಒಂಬತ್ತು ವರ್ಷ ಆ ಹಿಡಿಯನ್ನು ನನ್ನ ಹೊರತು ಯಾರೂ ಮುಟ್ಟಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹೋಗಿ ಕೂತರೆ ನನ್ನ ಪಾದಗಳು ನೆಲಕ್ಕೆ ತಾಗದೆ ಗಾಳಿಯಲ್ಲಿ ತೂಗಾಡಿದವು. ನನ್ನ ಓರಗಿತ್ತಿ ಎತ್ತರದವಳು.

ಕುರ್ಚಿ ಇಳಿಸಿಕೊಂಡು ಕೆಲಸ ಶುರು ಮಾಡಿದೆ.

ಒಳಕೋಣೆಯದು ಕೊನೆಯ ಕೆಲಸ. ಮೈದುನ ಕ್ಯಾಮೆರಾದಲ್ಲಿ ತೆಗೆದು ತಂದ ವಿಡಿಯೋವನ್ನು ಹೊರಗಿನ ಹಾಲಿನಲ್ಲಿ ಕತ್ತರಿಸಿ ಜೋಡಿಸುತ್ತೇವೆ. ಜೋಡಿಸಿದ ಮೇಲೆ ಅದು ಬೆಟ್ಟದಷ್ಟು ದೊಡ್ಡದಿರುತ್ತದೆ, ಯಾರಿಗೂ ಕಳಿಸಲಾಗದು. ಅದನ್ನು ಮಡಿಚಿ, ಒತ್ತಿ, ಗಂಟು ಕಟ್ಟಬೇಕು. ಗಂಟು ಕಟ್ಟುವ ಬಗೆಗೇ ಕೋಡೆಕ್ ಅನ್ನುತ್ತಾರೆ. ಸೀರೆ ಮಡಿಚಿದ ಹಾಗೆಯೇ ಇದು. ಕೆಲವರು ಮಡಿಚಿದರೆ ಬಿಚ್ಚಿದಾಗ ಸುಕ್ಕಿರುವುದಿಲ್ಲ. ಯಾವ ಕೋಡೆಕ್, ಸೆಕೆಂಡಿಗೆ ಎಷ್ಟು ಫ್ರೇಮು ಅಂದರೆ ಎಷ್ಟು ಬಿಡಿಚಿತ್ರ, ಆ ಸೆಕೆಂಡಿಗೆ ಎಷ್ಟು ಜಾಗ ಅಂದರೆ ಎಷ್ಟು ಬಿಟ್‌ರೇಟು, ಇವನ್ನು ನಮ್ಮಲ್ಲಿ ನಿರ್ಧರಿಸುತ್ತಿದ್ದವಳು ನಾನು. ಕಾಲೇಜಿನಲ್ಲಿ ಓದಿದ್ದು ಸಮಾಜಶಾಸ್ತ್ರ. ಇದನ್ನು ಕಲಿತದ್ದು ಮದುವೆಯಾಗಿ ಬಂದ ಮೇಲೆ, ಮಾವನ ಪಕ್ಕ ನಿಂತು, ಮತ್ತೆ ಮತ್ತೆ ತಪ್ಪು ಮಾಡಿ.

ಮಾವ ಫೋಟೋ ತೊಳೆಯುವ ಕಾಲದವರು. ಅಂಕಿಗಳು ಅವರ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಅವರೊಂದು ಪದ್ಧತಿ ಮಾಡಿದ್ದರು: ಒಂದು ಬಗೆಯ ಸೆಟ್ಟಿಂಗನ್ನು ಮೊದಲ ಸಲ ಯಾರ ಕೆಲಸಕ್ಕೆ ಬಳಸಿದೆವೋ ಅವರ ಹೆಸರೇ ಅದಕ್ಕೆ. ಮಕ್ಕಳ ಓಟದ ಪಂದ್ಯಕ್ಕೆ ಮಾಡಿದ್ದು 'ಓಟ'. ಒಬ್ಬ ವೈದ್ಯರು ಮೇಜಿನ ಹಿಂದೆ ಕೂತು ಆರೋಗ್ಯದ ಬಗ್ಗೆ ಮಾತಾಡಿದ್ದಕ್ಕೆ ಮಾಡಿದ್ದು 'ಡಾಕ್ಟರ್'. ಆ ವೈದ್ಯರು ಇಪ್ಪತ್ತು ನಿಮಿಷದಲ್ಲಿ ಒಮ್ಮೆ ಕನ್ನಡಕ ಸರಿಪಡಿಸಿಕೊಂಡಿದ್ದು ಬಿಟ್ಟರೆ ಅಲ್ಲಾಡಿದವರಲ್ಲ. ಹಾಗಾಗಿ 'ಡಾಕ್ಟರ್' ತುಂಬ ಚಿಕ್ಕ ಗಂಟು.

ಓರಗಿತ್ತಿ ನಮ್ಮ ಮನೆಗೆ ಬಂದು ಎಂಟು ತಿಂಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕವಳು ಅನ್ನುತ್ತಾರೆ. ಬಂದ ಎರಡನೇ ತಿಂಗಳೇ ಮೈದುನನ ಜೊತೆ ಸ್ಟುಡಿಯೋಗೆ ಬರತೊಡಗಿದಳು. ಕೂತಲ್ಲಿ ಕೂರುವವಳಲ್ಲ. "ಅಕ್ಕ, ಇದ್ಯಾಕೆ ಹೀಗೆ? ಅಕ್ಕ, ಇದನ್ನ ಒತ್ತಿದ್ರೆ ಏನಾಗುತ್ತೆ?" ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟೆ. ಆದರೆ ಸ್ವಲ್ಪ ಕೈ ಹಿಡಿದೇ ಕೊಟ್ಟೆ, ಎಲ್ಲವನ್ನೂ ಹೇಳಲಿಲ್ಲ.

ನಾವು ಬಳಸುವ ಕೋಡೆಕ್ ಪ್ರತಿ ಫ್ರೇಮನ್ನೂ ಪೂರ್ತಿ ಇಟ್ಟುಕೊಳ್ಳುವುದಿಲ್ಲ. ಒಂದನ್ನು ಪೂರ್ತಿ ಇಟ್ಟು, ಮುಂದಿನವುಗಳಲ್ಲಿ ಏನು ಬದಲಾಯಿತೋ ಅದನ್ನು ಮಾತ್ರ ಬರೆದುಕೊಳ್ಳುತ್ತದೆ. ಅವಳು ಬಂದ ಮೇಲೆ ನನ್ನ ಮನಸ್ಸೂ ಹಾಗೇ ಆಗಿತ್ತು. ಮಾವ ಮೊದಲು "ಎಲ್ಲಿ ದೊಡ್ಡವಳು?" ಅನ್ನುತ್ತಾ ಬಾಗಿಲು ತಳ್ಳುತ್ತಿದ್ದವರು ಈಗ "ಎಲ್ಲಿ ಇವರೆಲ್ಲ?" ಅನ್ನುತ್ತಾರೆ. ಮೈದುನ ಮೊದಲು "ಅತ್ತಿಗೆ, ನೀವೊಂದ್ಸಲ ನೋಡಿ" ಅನ್ನುತ್ತಿದ್ದವನು ಈಗ ಕ್ಯಾಮೆರಾದ ಕಾರ್ಡನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಹೊರಬಾಗಿಲಲ್ಲಿ ನನ್ನ ಚಪ್ಪಲಿಯ ಜಾಗದಲ್ಲಿ ಅವಳ ಚಪ್ಪಲಿ. ಉಳಿದದ್ದೆಲ್ಲ ಹಾಗೆಯೇ ಇತ್ತು, ಅದನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ.

ಆಗ ಬಂತು ಕಿವುಡ ಮಕ್ಕಳ ಶಾಲೆಯ ಕೆಲಸ. ಅಲ್ಲಿನ ಟೀಚರ್ ಒಬ್ಬರು, ಅವರಿಗೂ ಕಿವಿ ಕೇಳಿಸುವುದಿಲ್ಲ, ಕೈಭಾಷೆಯಲ್ಲಿ ಇಪ್ಪತ್ತನಾಲ್ಕು ಪಾಠ ಮಾಡುತ್ತಾರೆ. ನಾವು ಚಿತ್ರೀಕರಿಸಿ ಕೊಡಬೇಕು. ಅದು ತಂದೆತಾಯಿಗಳ ಫೋನಿಗೆ ಹೋಗಬೇಕು, ಆದ್ದರಿಂದ ಚಿಕ್ಕದಾಗಿರಬೇಕು. ಮೊದಲ ಪಾಠವನ್ನು ಮಕ್ಕಳಿಗೆ ತೋರಿಸಿ, ಒಪ್ಪಿಗೆಯಾದರೆ ಉಳಿದದ್ದು.

ಚಿತ್ರೀಕರಣಕ್ಕೆ ಚಿಕ್ಕವಳೂ ಹೋದಳು. ಮೂರು ದಿನದಲ್ಲಿ ಟೀಚರ್ ಜೊತೆ ಕೈಯಲ್ಲೇ ಹರಟೆ ಹೊಡೆಯುವಷ್ಟು ಕಲಿತು ಬಂದಳು. ಊಟಕ್ಕೆ ಕೂತಾಗ ಮಾವನಿಗೆ "ನೀರು ಬೇಕಾ?" ಎಂದು ಕೈಯಲ್ಲಿ ಕೇಳಿದಳು. ಮಾವ ತಪ್ಪುತಪ್ಪಾಗಿ ಕೈ ಆಡಿಸಿ ಏನೋ ಅಂದರು.

"ಅಯ್ಯೋ ಮಾವ, ನೀವೀಗ 'ನನಗೆ ಕುದುರೆ ಬೇಕು' ಅಂದ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ನಗು ಉಳಿದವರದ್ದಕ್ಕಿಂತ ಒಂದು ಕ್ಷಣ ತಡವಾಗಿ ಬಂತು ಅನ್ನುವುದು ನನಗೊಬ್ಬಳಿಗೇ ಗೊತ್ತು.

ಮಾರನೆಯ ದಿನ ಮಾವ ಒಳಕೋಣೆಗೆ ಬಂದರು. ನಿಂತೇ ಮಾತಾಡಿದರು, ಕೂರಲು ಜಾಗವೆಲ್ಲಿ.

"ನೋಡಮ್ಮ, ಶಾಲೆಯ ಕೆಲಸ ಚಿಕ್ಕವಳೇ ಕೊನೆವರೆಗೂ ಮಾಡ್ಲಿ. ಸರಿಯಾಗಿ ಬಂತು ಅಂದ್ರೆ ಈ ಕೋಣೆ ಅವಳಿಗೇ ಬಿಡೋಣ. ನೀನು ಹೊರಗೆ ಕೂತು ಬಂದವರನ್ನ ಮಾತಾಡಿಸು. ಕಣ್ಣುರಿ ಅಂತ ನೀನೇ ಹೇಳ್ತಿದ್ದೆಯಲ್ಲ."

ಕಣ್ಣುರಿ ಅಂದದ್ದು ನಿಜ. ಆದರೆ ಎಲ್ಲರೂ 'ಪಾಪ, ಎಷ್ಟು ದುಡೀತಾಳೆ' ಅನ್ನಲಿ ಅಂತ ಹೇಳಿದ್ದು. ಕುರ್ಚಿ ಬಿಡಿಸಲಿ ಅಂತ ಅಲ್ಲ.

"ಆಗ್ಲಿ ಮಾವ" ಅಂದೆ.

ಬುಧವಾರ ಮಧ್ಯಾಹ್ನ ಮೊದಲ ಪಾಠ ಜೋಡಿಸಿ ಮುಗಿಸಿ ಚಿಕ್ಕವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಸಾಫ್ಟ್‌ವೇರಿನಲ್ಲಿ ವಿಡಿಯೋವನ್ನು ಗಂಟು ಕಟ್ಟಿ ಹೊರತೆಗೆಯುವ ಕಿಟಕಿ ತೆರೆದಿತ್ತು, ಮಾವ ಇಟ್ಟ ಹೆಸರುಗಳೆಲ್ಲ ಸಾಲಾಗಿ ಕಾಣುತ್ತಿದ್ದವು.

"ಅಕ್ಕ, ಹೊಸ ಕೋಡೆಕ್ ಹಾಕ್ಲಾ? ಅರ್ಧಕ್ಕರ್ಧ ಚಿಕ್ಕದಾಗುತ್ತಂತೆ."

"ಹಳೇ ಫೋನುಗಳಲ್ಲಿ ಓಡಲ್ಲ. ಆ ಮಕ್ಕಳ ಮನೆಯವರೆಲ್ಲ ಹೊಸ ಫೋನ್ ಇಟ್ಕೊಂಡಿರ್ತಾರಾ?"

"ಓ, ಹೌದಲ್ಲ! ನಿಮಗೆ ಇದೆಲ್ಲ ಹೇಗೆ ಹೊಳೆಯುತ್ತೆ ಅಂತೀನಿ." ಅವಳು ತಿರುಗಿ ನಕ್ಕಳು. "ಹಾಗಾದ್ರೆ ಹಳೇದೇ. ಯಾವ ಸೆಟ್ಟಿಂಗು? ಒಬ್ಬರೇ ಕೂತ್ಕೊಂಡಿದ್ದಾರೆ, ಹಿಂದೆ ಬರೀ ಗೋಡೆ. ಡಾಕ್ಟರ್ ಹಾಕ್ಲಾ?"

ಪರದೆಯಲ್ಲಿ ಟೀಚರ್ ಚಿತ್ರವನ್ನು ನಿಲ್ಲಿಸಿಟ್ಟಿತ್ತು, ಎರಡು ಕೈ ಎದೆಯೆದುರು, ಬೆರಳುಗಳು ಅರ್ಧ ಮಡಿಚಿ. ಅವರು ಕೂತಿದ್ದಾರೆ, ನಿಜ. ಕೈ ಕೂತಿಲ್ಲ. ಆ ಕೈಗಳು ಓಟದ ಮಕ್ಕಳಿಗಿಂತ ಜೋರಾಗಿ ಓಡುತ್ತವೆ. ಮೈದುನ ಅದಕ್ಕೇ ಸೆಕೆಂಡಿಗೆ ಐವತ್ತು ಫ್ರೇಮಿನಲ್ಲಿ ತೆಗೆದಿದ್ದ. 'ಡಾಕ್ಟರ್' ಅದನ್ನು ಇಪ್ಪತ್ತೈದಕ್ಕೆ ಇಳಿಸುತ್ತದೆ, ಇಳಿಸುವಾಗ ಎರಡು ಫ್ರೇಮನ್ನು ಕಲಸಿ ಒಂದು ಮಾಡುತ್ತದೆ. ಬಿಟ್‌ರೇಟು ಒಂದೂವರೆ. ಕುರ್ಚಿಯಲ್ಲಿ ಅಲ್ಲಾಡದೆ ಕೂತ ವೈದ್ಯರ ಕನ್ನಡಕಕ್ಕೆ ಒಂದೂವರೆ ಮೆಗಾಬಿಟ್ ಸಾಕು. ಹತ್ತು ಬೆರಳಿಗೆ ಸಾಲದು. ಇದೆಲ್ಲ ನನ್ನ ತಲೆಯಲ್ಲಿ ಹೊಳೆಯಲು ಬೇಕಾದದ್ದು ಅವಳು ನನ್ನ ಮುಖ ನೋಡಿದಷ್ಟೇ ಹೊತ್ತು.

"ಒಬ್ಬರೇ ಕೂತಿರೋದಲ್ವಾ" ಅಂದೆ. "ಡಾಕ್ಟರ್ ಹಾಕು."

ಅವಳು ಮನೆಗೆ ಹೋದ ಮೇಲೆ ನಾನು ಆ ಫೈಲನ್ನು ತೆರೆದು ನೋಡಿದೆ. ಟೀಚರ್ ಮುಖ ಚೆನ್ನಾಗಿತ್ತು, ಗೋಡೆ ಚೆನ್ನಾಗಿತ್ತು. ಕೈ ಮೇಲೆದ್ದಾಗ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿಕೊಂಡವು. ಕೆಲವು ಕಡೆ ಒಂದೇ ಬೆರಳು ಎರಡಾಗಿ ಕಂಡಿತು. ಚಿಕ್ಕವಳಿಗೆ ಇದು ಕಾಣದೆ ಹೋಯಿತೇ ಎಂದು ಆಶ್ಚರ್ಯವಾಯಿತು, ಆಮೇಲೆ ಗೊತ್ತಾಯಿತು. ಆ ಪಾಠದ ಪ್ರತಿ ಮಾತೂ ಅವಳಿಗೆ ಬಾಯಿಪಾಠ. ಅವಳ ಕಣ್ಣು ಅರ್ಥವನ್ನು ಓದಿಕೊಂಡು ಹೋಗಿತ್ತು. ನನಗೆ ಅರ್ಥ ಗೊತ್ತಿರಲಿಲ್ಲ, ಅದಕ್ಕೇ ಬೆರಳು ಕಂಡವು.

ಶಾಲೆಗೆ ತೋರಿಸುವುದು ಶುಕ್ರವಾರ. ನಡುವೆ ಗುರುವಾರ ಇಡೀ ದಿನ ಇತ್ತು. ಸರಿಪಡಿಸಲು ಹತ್ತು ನಿಮಿಷ ಸಾಕು. ಗುರುವಾರ ನಾನು ಕೇಬಲ್ಲುಗಳನ್ನೆಲ್ಲ ಬಿಚ್ಚಿ ಧೂಳು ಒರೆಸಿ ಸುತ್ತಿಟ್ಟೆ. ರಾತ್ರಿ ಊಟದ ಹೊತ್ತಿಗೆ ನನ್ನವರು, "ಏನು, ಇವತ್ತು ಬಾಯಿಗೆ ಬೀಗ?" ಅಂದರು. ಅವರಿಗೆ ಔಷಧ ಕಂಪನಿಯ ಕೆಲಸ. ಸ್ಟುಡಿಯೋದ ವಿಷಯ ಎತ್ತಿದರೆ ಆಕಳಿಸುತ್ತಾರೆ. ತಲೆನೋವು ಅಂದೆ.

ಶುಕ್ರವಾರ ಚಿಕ್ಕವಳ ಜೊತೆ ಶಾಲೆಗೆ ನಾನೂ ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ನೋಡಲು. ಅವಳ ಮುಖ ಬಾಡುವುದನ್ನು ನನ್ನ ಕಣ್ಣಾರೆ ನೋಡಬೇಕಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ತರಗತಿಯಲ್ಲಿ ಹನ್ನೊಂದು ಮಕ್ಕಳು, ಒಂದು ಟಿವಿ, ಕರಿಹಲಗೆ. ಟೀಚರ್ ಹಿಂದೆ ನಿಂತರು. ಪಾಠದ ವಿಷಯ ಆರೋಗ್ಯ. ಮಕ್ಕಳು ನೋಡುತ್ತಾ ನೋಡುತ್ತಾ ಕೈಯಲ್ಲೇ ಹೇಳಿಕೊಳ್ಳಬೇಕು. ಮೊದಲ ಎರಡು ನಿಮಿಷ ಸರಿಯಾಗಿಯೇ ಹೋಯಿತು. ಆಮೇಲೆ ಒಬ್ಬ ಹುಡುಗ ಕತ್ತು ಮುಂದೆ ಚಾಚಿದ. ಇನ್ನೊಬ್ಬಳು ಪಕ್ಕದವಳ ಕೈ ನೋಡಿದಳು. ಎರಡು ಜಡೆಯ ಒಂದು ಹುಡುಗಿ ಮುಖವೆಲ್ಲ ಹಿಗ್ಗಿಸಿಕೊಂಡು ಕೈಯಲ್ಲಿ ಏನೋ ಹೇಳಿದಳು. ತರಗತಿಯೇ ಕೇಕೆ ಹಾಕಿತು.

"ಏನಂತೆ?" ಎಂದು ಚಿಕ್ಕವಳ ಕಿವಿಯಲ್ಲಿ ಕೇಳಿದೆ.

ಅವಳ ಮುಖ ಬಿಳಿಚಿತ್ತು. "ಊಟ ಆದ್ಮೇಲೆ ದಿನಾ ಮಿಠಾಯಿ ತಿನ್ನಬೇಕು ಅಂತ ಟೀಚರ್ ಹೇಳಿದ್ರು ಅಂತಿದಾಳೆ. ಅದು ಔಷಧಿ ಅಕ್ಕ. ಈ ಶಾಲೇಲಿ ಎರಡಕ್ಕೂ ಕೈ ಒಂದೇ. ಬೆರಳು ಒಂದು ಸಲ ಬಗ್ಗಿದ್ರೆ ಔಷಧಿ, ಎರಡು ಸಲ ಬಗ್ಗಿದ್ರೆ ಮಿಠಾಯಿ."

ಟೀಚರ್ ಟಿವಿಯ ಹತ್ತಿರ ಹೋದರು. ತಮ್ಮ ಕೈಗಳನ್ನೇ ಒಂದಡಿ ದೂರದಿಂದ ನೋಡಿದರು. ಮತ್ತೆ ಹಿಂದಕ್ಕೆ ಓಡಿಸಿ ನೋಡಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ, ಕೈಭಾಷೆ ಬರದ ನನಗೂ ತಿಳಿಯಲಿ ಅಂತಲೋ ಏನೋ, ದುಂಡಗೆ ಬರೆದರು:

'ನಾನು ಹೀಗೆ ತೊದಲುವುದಿಲ್ಲ.'

ನಾನು ತೊದಲಿಸಲು ಹೊರಟಿದ್ದು ಓರಗಿತ್ತಿಯನ್ನು. ಈ ಹೆಂಗಸು ನನಗೆ ಏನೂ ಮಾಡಿರಲಿಲ್ಲ.

ಚಿಕ್ಕವಳು ಎದ್ದು ಮುಂದೆ ಹೋದಳು. ಕೈಯಲ್ಲಿ ಏನೋ ಹೇಳಿದಳು, ತನ್ನ ಎದೆಯನ್ನು ಎರಡು ಸಲ ತಟ್ಟಿಕೊಂಡಳು, ಕಿವಿ ಹಿಡಿದುಕೊಂಡಳು. ಕಿವಿ ಹಿಡಿದದ್ದು ನೋಡಿ ಮಕ್ಕಳು ಮತ್ತೆ ನಕ್ಕರು. ಟೀಚರ್ ಮುಖ ಸಡಿಲಾಯಿತು. ಅವಳ ಕೈ ಹಿಡಿದು ಕಿವಿಯಿಂದ ತೆಗೆದರು. ಸೋಮವಾರ ಮತ್ತೆ ತನ್ನಿ ಎಂದು ಹಲಗೆಯ ಮೇಲೆ ಬರೆದರು.

ಆ ಹೊತ್ತಿನಲ್ಲಿ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರು ಮೆಚ್ಚುತ್ತಾರೆ. ಆದದ್ದು ಬೇರೆ. ತಪ್ಪೊಪ್ಪಿಕೊಳ್ಳುವುದರಲ್ಲೂ ಅವಳು ನನಗಿಂತ ಚೆನ್ನಾಗಿದ್ದಾಳಲ್ಲ ಅನ್ನಿಸಿ ಮೈ ಉರಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು, "ಪೂರ್ತಿ ಒಂದ್ಸಲ ಕಣ್ಣಿಟ್ಟು ನೋಡ್ಬೇಕಿತ್ತು ನಾನು" ಎಂದು ಮೂರು ಸಲ ಅಂದಳು. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಜಗಳಕ್ಕೆ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವು ಬಳಕೆಯಾಗದೆ ಉಳಿದವು.

ಸ್ಟುಡಿಯೋದಲ್ಲಿ ಮಾವ ಕಾಯುತ್ತಿದ್ದರು. ಚಿಕ್ಕವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. "ತಪ್ಪು ನಂದೇ ಮಾವ. ಡಾಕ್ಟರ್ ಹಾಕಿಬಿಟ್ಟೆ."

ಮಾವ ನನ್ನ ಕಡೆ ತಿರುಗಿದರು. "ನೀನು ನೋಡ್ಲಿಲ್ವೇನಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಅಡ್ಡ ಬಂದಳು. "ಅಕ್ಕನ್ನ ಕೇಳೇ ಹಾಕಿದ್ದು ಮಾವ. ಪಾಪ, ಅಕ್ಕನಿಗೂ ಹೊಳೀಲಿಲ್ಲ."

"ಹೋಗ್ಲಿ ಬಿಡು" ಅಂದರು ಮಾವ, ಮೃದುವಾಗಿ. "ಇವಳು ನನ್ನ ಹತ್ತಿರ ಕಲಿತವಳು ತಾನೇ. ಹೊಸ ಥರದ ಕೆಲಸ, ನಮ್ಮಂಥವರಿಗೆ ಗೊತ್ತಾಗಲ್ಲ."

ಅಲ್ಲಿಗೆ ಮುಗಿದಿತ್ತು. ನಾನು ಸುಮ್ಮನಿದ್ದಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆದರೆ 'ಪಾಪ' ಎಂಬ ಆ ಒಂದು ಮಾತು, 'ನಮ್ಮಂಥವರಿಗೆ' ಎಂಬ ಇನ್ನೊಂದು! ಒಂಬತ್ತು ವರ್ಷ ಆ ಪರದೆಯ ಮುಂದೆ ಕಣ್ಣು ಸವೆಸಿದವಳು ನಾನು. ಕೆಟ್ಟವಳು ಅನ್ನಿಸಿಕೊಂಡರೂ ಬದುಕಬಹುದು, ದಡ್ಡಿ ಅನ್ನಿಸಿಕೊಂಡು ಆ ಕೋಣೆಯಿಂದ ಏಳುವುದು ನನ್ನಿಂದಾಗದು.

"ನನಗೆ ಗೊತ್ತಿತ್ತು" ಅಂದೆ.

"ಏನು?"

"ಶಾಲೇಲಿ ತೆಗೆದದ್ದು ಐವತ್ತರಲ್ಲಿ, ಡಾಕ್ಟರ್ ಇಪ್ಪತ್ತೈದಕ್ಕೆ ಇಳಿಸಿ ಕಲಸುತ್ತೆ. ಬಿಟ್‌ರೇಟು ಒಂದೂವರೆ. ಪೂರ್ತಿ ಫ್ರೇಮು ಹತ್ತು ಸೆಕೆಂಡಿಗೊಂದು. ಬೆರಳು ಅಂಟಿಕೊಳ್ಳುತ್ತೆ ಅಂತ ಅವಳು ಕೇಳಿದ ಗಳಿಗೆಯಲ್ಲೇ ಗೊತ್ತಿತ್ತು. ಬುಧವಾರ ತೆರೆದೂ ನೋಡಿದೆ. ಹೊಳೀದೆ ಅಲ್ಲ ನಾನು ಹೇಳಿದ್ದು."

ಚಿಕ್ಕವಳು ಮೊದಲು ನಗಲು ಹೋದಳು, ತಮಾಷೆ ಅಂದುಕೊಂಡಿರಬೇಕು. ಆಮೇಲೆ ಅವಳ ಬಾಯಿ ಹಾಗೇ ನಿಂತಿತು.

"ಗೊತ್ತಿದ್ದೂ ಹಾಕು ಅಂದ್ರಾ? ನನ್ನ ಮೇಲೆ ಅಂಥಾ ಸಿಟ್ಟೇನಿತ್ತು ಅಕ್ಕ ನಿಮಗೆ?"

ಹೇಳಲು ಎಂಟು ತಿಂಗಳ ಪಟ್ಟಿಯೇ ಇತ್ತು. ಬಾಯಿಗೆ ಬಂದದ್ದು ಒಂದೇ.

"ಕುರ್ಚಿ ಏರಿಸಿದೆ ನೀನು."

"ಕುರ್ಚಿ?" ಅಂದರು ಮಾವ.

"ಏರಿಸಿ ಹಾಗೇ ಬಿಟ್ಟುಹೋದಳು. ನನ್ನ ಕಾಲು ನೆಲಕ್ಕೆ ಸಿಗಲಿಲ್ಲ."

ಹೇಳಿದ ಮೇಲೆ ಅದು ಎಷ್ಟು ಸಣ್ಣದಾಗಿ ಕೇಳಿಸಿತು ಅಂದರೆ ನನಗೇ ಅಳು ಬಂತು. ಅಳಲಿಲ್ಲ. ಮಾವ ತಮ್ಮ ಅಂಗೈ ನೋಡಿಕೊಂಡರು. ಬೈಯುವ ಮೊದಲು ಅವರು ಹಾಗೆ ಮಾಡುತ್ತಾರೆ. ಬೈಯಲಿಲ್ಲ.

"ಆ ಟೀಚರ್ ಹಲಗೆ ಮೇಲೆ ಏನೋ ಬರೆದ್ರಂತಲ್ಲ, ಇನ್ನೊಂದ್ಸಲ ಹೇಳು" ಅಂದರು ಚಿಕ್ಕವಳಿಗೆ. ಅವಳು ಹೇಳಿದಳು. ಮಾವ ನನ್ನ ಕಡೆ ನೋಡಿದರು. "ಒಳಗಿನ ಹಳೇ ಟೇಪಿನ ಕಪಾಟು ಹೊರಗೆ ಹಾಕಿ. ಇನ್ನೊಂದು ಕುರ್ಚಿ ಹಿಡಿಸುತ್ತೆ. ಕೋಣೆ ಚಿಕ್ಕವಳಿಗೆ. ನಿನಗೆ ಗೊತ್ತಿರೋದೆಲ್ಲ ಅವಳಿಗೂ ಗೊತ್ತಾಗಬೇಕು. ಎಲ್ಲ. ಆಮೇಲೆ ನೀನು ಹೊರಗೆ."

ಇಪ್ಪತ್ತನಾಲ್ಕು ಪಾಠ. ಅಷ್ಟೂ ದಿನ ನಾವಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬೇಕಾಯಿತು. ಮೊದಲ ಎರಡು ದಿನ ಅವಳು ಅಂಕಿಗಳ ಹೊರತು ನನ್ನ ಜೊತೆ ಏನೂ ಮಾತಾಡಲಿಲ್ಲ.

"ಫ್ರೇಮು?"

"ಐವತ್ತು. ಇಳಿಸಬೇಡ."

"ಬಿಟ್‌ರೇಟು ಏರಿಸಿದ್ರೆ ದೊಡ್ಡದಾಗುತ್ತಲ್ಲ. ಚಿಕ್ಕದಿರಬೇಕು ಅಂದಿದ್ದಾರೆ."

"ಚಿತ್ರದ ಅಳತೆ ಇಳಿಸು. ಫೋನಿನಲ್ಲಿ ನೋಡೋದಕ್ಕೆ ಅಷ್ಟು ದೊಡ್ಡ ಚಿತ್ರ ಬೇಡ. ಗೋಡೆ ಯಾರಿಗೆ ಬೇಕು? ಉಳಿದದ್ದನ್ನ ಬೆರಳಿಗೆ ಕೊಡು."

"ಎಷ್ಟು?"

"ಐದು ಹಾಕಿ ನೋಡು. ಪೂರ್ತಿ ಫ್ರೇಮು ಸೆಕೆಂಡಿಗೊಂದು."

ಬಂದದ್ದನ್ನು ನಾನು ಅರ್ಥ ತಿಳಿಯದೆ ನೋಡಿದೆ, ಅವಳು ಅರ್ಥ ತಿಳಿದು ನೋಡಿದಳು. ನಾನು ಕೈ ಎತ್ತಿದಲ್ಲಿ ನಿಲ್ಲಿಸಿದಳು. "ಇಲ್ಲಿ ಬೆರಳು ಎಷ್ಟು ಸಲ ಬಗ್ಗಿತು?" ಎಂದು ಕೇಳಿದಳು. "ಒಂದು" ಅಂದೆ. "ಔಷಧಿ" ಅಂದಳು, ಪರದೆಗೆ ಹೇಳುವ ಹಾಗೆ.

ಸೋಮವಾರ ಮಕ್ಕಳಿಗೆ ಔಷಧಿ ಔಷಧಿಯಾಗಿಯೇ ಸಿಕ್ಕಿತು. ಎರಡು ಜಡೆಯ ಹುಡುಗಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು. ಟೀಚರ್ ಚಿಕ್ಕವಳ ಜೊತೆ ಕೈಯಲ್ಲಿ ಬಹಳ ಹೊತ್ತು ಮಾತಾಡಿದರು, ಇಬ್ಬರೂ ನಕ್ಕರು, ನಡುವೆ ಒಮ್ಮೆ ನನ್ನ ಕಡೆ ನೋಡಿದರು.

"ಏನಂದ್ರು?" ಬಸ್ಸಿನಲ್ಲಿ ಕೇಳಿದೆ.

"ಏನಿಲ್ಲ."

"ನನ್ನ ಬಗ್ಗೆ ಏನೋ ಅಂದ್ರು."

"ಯಾವಾಗಲೂ ಇವರು ಹೀಗೇ ಹುಬ್ಬು ಗಂಟು ಹಾಕ್ಕೊಂಡಿರ್ತಾರಾ ಅಂತ ಕೇಳಿದ್ರು."

"ನೀನೇನಂದೆ?"

"ಹುಟ್ಟಿದಾಗಿನಿಂದ ಅಂದೆ." ಶುಕ್ರವಾರದಿಂದೀಚೆಗೆ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ನಗಲಿಲ್ಲ.

ಹೊಸ ಸೆಟ್ಟಿಂಗಿಗೆ ಪದ್ಧತಿಯಂತೆ 'ಟೀಚರ್' ಎಂದು ಹೆಸರಾಯಿತು. ಕೊನೆಯ ಪಾಠ ಕಳಿಸಿದ ಮರುದಿನ, ನಾನು ಹೊರಗಿನ ಮೇಜಿಗೆ ಹೋಗಬೇಕಾದ ದಿನ, ಬೇಗ ಬಂದು ಒಳಕೋಣೆಯ ದೀಪ ಹಾಕಿದೆ. ನನ್ನ ಪುಸ್ತಕ, ಕನ್ನಡಕದ ಡಬ್ಬಿ ತೆಗೆದುಕೊಳ್ಳುವುದಿತ್ತು. ಒಂದು ಸಲ ಕೂರೋಣ ಎಂದು ಆ ಹಳೆಯ ಕುರ್ಚಿಯಲ್ಲಿ ಕೂತೆ.

ಪಾದ ನೆಲಕ್ಕೆ ತಾಗಿತು. ಸರಿಯಾಗಿ, ನನ್ನ ಎತ್ತರಕ್ಕೇ.

ಹಿಂದಿನ ಸಂಜೆ ಅಲ್ಲಿ ಕೊನೆಗೆ ಕೂತಿದ್ದವಳು ಅವಳು. ಹೋಗುವ ಮೊದಲು ಇಳಿಸಿ ಹೋಗಿದ್ದಳು. ನನ್ನ ಜೊತೆ ಸರಿಯಾಗಿ ನಾಲ್ಕು ಮಾತಾಡದವಳು ಇದನ್ನು ಮಾತ್ರ ಮರೆತಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಇಳಿಸುತ್ತಿದ್ದೆನೇ? ಇಲ್ಲ. ಅದು ಗೊತ್ತಿದ್ದರಿಂದಲೇ ಹೊಟ್ಟೆ ಉರಿಯಿತು, ಈ ಸಲ ಅವಳ ಒಳ್ಳೆಯತನ ನೋಡಿ.

ಹೊರಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ನಾನು ಎದ್ದು ಹಿಡಿ ಎತ್ತಿದೆ. ಕುರ್ಚಿ ಉಸ್ಸೆಂದು ಏರಿ ಅವಳ ಎತ್ತರಕ್ಕೆ ನಿಂತಿತು.